ಮೂರನೇ ಹಲಗೆ

ಆ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲ
ಅಂತ ಮೇಷ್ಟ್ರು ಬರೆಸುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ.
ನಾನು ಪೊರಕೆ ಹಿಡಿದು ಬಾಗಿಲಲ್ಲಿ ನಿಂತು, ಮನಸ್ಸಿನಲ್ಲೇ:
ಸುಳ್ಳು ಸರ್, ಇಲ್ಲೊಂದು ಐತಲ್ಲ,
ಬಳ್ಳಾರಿಯಾಗೆ, ಮೂರನೇ ಹಲಗೆ ಮೇಲೆ,
ಓತಿಕ್ಯಾತಕ್ಕೂ ಎರಡು ತಲೆ ಕುರಿಮರಿಗೂ ನಡುವೆ.

ಲೇಬಲ್ಲಿನ ಹೆಸರನ್ನು ಹುಳ ತಿಂದಿದೆ.
ಉಳಿದದ್ದು ‘ದ್ವೀಪ’ ಎಂಬ ಎರಡಕ್ಷರ, ಮತ್ತೆ ಒಂದು ಇಸವಿ,
ನನ್ನವ್ವ ಇನ್ನೂ ಲಂಗ ಉಡುತ್ತಿದ್ದ ಕಾಲದ್ದು.
ಬದುಕಿದ್ದಾಗ ಹಸಿರು ಮಂಡಲವಂತೆ. ಎಲೆಯ ಮೇಲೆ ಎಲೆ.
ಔಷಧಿಯೊಳಗೆ ಹಳದಿ ಮೊದಲು ಬಿಟ್ಟುಹೋಗಿ
ನೀಲಿಯೊಂದೇ ಉಳಿಯಿತು ಎಂದು ಹೇಳಿದ್ದು ಎರ್ರಿಸ್ವಾಮಿ,
ಮದುವೆಯಾದ ಹೊಸದರಲ್ಲಿ, ಜಂಬದಿಂದ,
ತಾನೇ ಬಣ್ಣ ಹಾಕಿದವನ ಹಾಗೆ.
ನಾನಾಗ ಜೀನ್ಸ್ ತೊಳೆಯುವ ಕಡೆ ಕೂಲಿ.
ನನ್ನ ಬೆರಳು ಹಿಡಿದು ಗಾಜಿಗೆ ತಾಗಿಸಿ
"ನೋಡು, ನಿಮ್ಮ ಯೂನಿಟ್ಟಿಂದೇ" ಅಂದ. ನಕ್ಕೆವು.

ಕಣ್ಣಿಗೂ ಮೂಗಿಗೂ ನಡುವೆ ಒಂದು ಕುಳಿ,
ಸಾಸಿವೆ ಕೂರುವಷ್ಟು.
ಅದು ಕತ್ತಲಲ್ಲಿ ಬಿಸಿಯನ್ನು ನೋಡುತ್ತದಂತೆ,
ಇಲಿಯ ಎದೆ, ಹಕ್ಕಿಯ ಕಂಕುಳು, ಯಾರದೋ ಪಾದ.
ತಂಪು ಕಾಡಿನಲ್ಲಿ ಬದುಕಿರುವುದೆಲ್ಲ ದೀಪ.

ಇಲ್ಲಿ ತಂದು ಬಿಟ್ಟಿದ್ದರೆ ಏನು ನೋಡುತ್ತಿತ್ತು, ಪಾಪ.
ನಮ್ಮದು ಎರಡೇ ಕಾಲ, ಬೇಸಿಗೆ, ಕಡುಬೇಸಿಗೆ.
ಗುಡ್ಡ ಉರಿಯುತ್ತದೆ, ಗುಡ್ಡದ ಕೆಳಗಿನ ತಗಡು ಉರಿಯುತ್ತದೆ,
ಅದಿರಿನ ಲಾರಿ, ನಲ್ಲಿ ನೀರು, ಬಾಗಿಲ ಚಿಲಕ,
ರಾತ್ರಿ ಹತ್ತಕ್ಕೂ ಗೋಡೆಗೆ ಬೆನ್ನು ಕೊಡಲಾಗದು.
ಎಲ್ಲವೂ ಹೊತ್ತಿಕೊಂಡ ಊರಲ್ಲಿ
ಯಾವುದು ಜೀವ, ಯಾವುದು ಕಲ್ಲು?

ನನಗೂ ಗೊತ್ತಾಗಲಿಲ್ಲ.
ಆ ಮೇ ತಿಂಗಳ ಮಧ್ಯಾಹ್ನ, ಕರೆಂಟಿಲ್ಲ,
ಇದೇ ಸ್ಟೂಲಿನ ಪಕ್ಕ ಅವನು ಒರಗಿದ್ದ.
ಬುತ್ತಿ ತಂದವಳು ಹಣೆ ಮುಟ್ಟಿದೆ. ಬಿಸಿ.
ಕೈ ಮುಟ್ಟಿದೆ. ಬಿಸಿ.
ಜ್ವರ ಅಂದುಕೊಂಡು ಸೆರಗು ಒದ್ದೆ ಮಾಡಿ ಒರೆಸಿದೆ,
ಅರ್ಧ ತಾಸು, ಮಾತಾಡಿಸುತ್ತಾ, ಬೈಯುತ್ತಾ.
ಬೇರೆ ಊರಾಗಿದ್ದರೆ ಮೈ ತಣ್ಣಗಾಗಿ
ಹೇಳುತ್ತಿತ್ತು.

ಅನುಕಂಪದ ನೌಕರಿ. ಬೀಗದ ಕೈ ನನ್ನ ಸೊಂಟಕ್ಕೆ ಬಂತು.
ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ಔಷಧಿ ತುಂಬುತ್ತೇನೆ,
ಅಂಚಿಗೆ ವ್ಯಾಸಲೀನ್ ಸವರಿ, ತಿರುಗಿಸಿ, ಬಿಗಿಯುತ್ತೇನೆ.
ಕಣ್ಣುರಿ ಔಷಧಿಯದು.
ಬೆರಳ ನೀಲಿ ಯಾವತ್ತೋ ಹೋಯಿತು, ಉಗುರ ಬುಡದಲ್ಲೂ ಇಲ್ಲ.

ಇವತ್ತು ನಲವತ್ತಮೂರು ಅಂತ ಪೇಪರಿನವರು.
ಮನುಷ್ಯರ ಮೈ ಮೂವತ್ತೇಳಂತೆ.
ಹುಡುಗಿಯೊಬ್ಬಳು ಲೆಕ್ಕ ಹಾಕಿ ಹೇಳಿದಳು:
"ಹುಲಿಗೆಮ್ಮಕ್ಕ, ಈಗ ಅದಕ್ಕೆ ಜೀವ ಬಂದ್ರೆ
ನೀನು ತಣ್ಣಗೆ ಕಾಣ್ತೀ.
ಉರಿಯೋ ಕೋಣ್ಯಾಗೆ ಒಂದು ಕಪ್ಪನೆ ನೆರಳು."

ಹುಡುಗರು ಹೋದ ಮೇಲೆ ಫ್ಯಾನು ನಿಂತಿತು.
ಸ್ಟೂಲು ಎಳೆದುಕೊಂಡು ಜಾಡಿಯ ಎದುರು ಕೂತೆ,
ಅದರ ಕುಳಿಯ ನೇರಕ್ಕೆ,
ಕಾಣಿಸಲಿ ಅಂತ.