ಇಪ್ಪತ್ತೆರಡು ಕಮ್ಮಿ

ಎಣಸ್ರಿ ಮುನ್ಶಿಯವರ, ಇನ್ನೊಮ್ಮೆ ಎಣಿಸಿದ್ರೂ ಅಷ್ಟ:
ಸಾವಿರಕ್ಕ ಇಪ್ಪತ್ತೆರಡು ಕಮ್ಮಿ.
ಇಲಿ ಒಯ್ದಿಲ್ಲ. ಛಾಟ್ ಆಗಿಲ್ಲ.
ನಮ್ಮನ್ಯಾವ್ರು ಸೇದಿಲ್ಲ, ಅವ್ರು ಸೇದೂದು ಬಿಟ್ಟು
ಎರಡು ವರ್ಷ ಆತು, ಕೆಮ್ಮು ಬಿಟ್ಟಿಲ್ಲ, ಅಷ್ಟ.

ಎಲಿ ಲೆಕ್ಕಾ ಹೇಳತೀನಿ, ಕೇಳ್ರಿ.

ನಮ್ಮ ರೋಹಿಣಿಗೆ ಸಾಲಿಯೊಳಗ ಹೇಳಿದ್ರು
ಶರದ್ ಋತುವಿನ ಚಿತ್ರಾ ಮಾಡಿಕೊಂಡು ಬರ್ರಿ,
ಬಣ್ಣಾ ಹಚ್ಚಬ್ಯಾಡ್ರಿ, ಗಿಡದಿಂದ ಉದುರಿದ್ದನ್ನ
ಕಾಗದಕ್ಕ ಅಂಟಿಸಿ ತರ್ರಿ ಅಂತ.
ದಸರಾ ಆಗಿ ನಾಕ ದಿನಾ. ವಿಡಿ ಘರಕುಲದಾಗ ನಮ್ಮ ಓಣಿಗೆ
ಇರೂದ ಎರಡು ಬೇವಿನ ಗಿಡ, ಎರಡೂ ಹಸರ.
ನಮ್ಮ ಕಡೆ ಎಲಿ ಉದರೂದು ಶಿವರಾತ್ರಿ ಮುಂದ ಅಲ್ಲೇನ್ರಿ?
ಪುಸ್ತಕದಾಗ ಈಗ ಉದರತಾವಂತ.
ಸಂಜೀತನಕ ತಿರುಗಿ ಬಂದ ಹುಡುಗಿ
ನನ್ನ ಮೊರದ ಮುಂದ ನಿಂತು ಅಂದ್ಳು:
"ಅವ್ವಾ, ಶರದ್ ಋತು ನಮ್ಮನ್ಯಾಗ ಐತಿ."

ಮೊದಲ ಕತ್ತರಿಸಿ ಉಳಿದ ಚೂರು ಕೊಟ್ಟೆ,
ದಿನಾ ನೀರ ಒಲಿಗೆ ಹಾಕೂವು.
ಹಳೇ ಕ್ಯಾಲೆಂಡರಿನ ಬೆನ್ನ ಮ್ಯಾಲ
ಜ್ವಾಳದ ದಂಟಿನ ಸಿಪ್ಪಿಲೆ ಬೊಡ್ಡಿ ಆತು,
ಹಬ್ಬದ ಚೆಂಡುಹೂ ಒಣಗಿದ್ದು ನೆಲ ಆತು,
ಮಗ್ಗದ ಕಾರಖಾನಿ ಹೊರಗ ಬಿದ್ದ
ಚಾದರದ ಎಳಿ ತಂದು ಗೂಡ ಮಾಡಿದ್ಳು.
ಮೈದಾದ ಅಂಟು ನಾನ ಕುದಿಸಿ ಕೊಟ್ಟೆ.
ಎಲಿ ಹಚ್ಚಿದ ಮ್ಯಾಲ ನೋಡ್ತಾಳ, ಅತ್ತಬಿಟ್ಳು.
ಎಲ್ಲಾ ಚೂರಿಗೂ ಒಂದೊಂದು ಕಡೆ ನೆಟ್ಟಗಿನ ಗೆರಿ,
ನಿಮ್ಮ ಪತ್ರಾದ ಅಚ್ಚಿನ ಗೆರಿ.
"ಇದು ಗಿಡ ಅಲ್ಲವ್ವಾ, ಬೀಡಿ ಕಟ್ಟ."

ಹಂಗಾಗಿ ಗೋಣಿತಟ್ಟ ಸರಿಸಿ
ನೆನಿ ಹಾಕಿದ್ದ ಎಲಿ ತಗದೆ, ಇಡೀ ಎಲಿ.
ಒಂದೊಂದ ದೀಪದ ಎದುರು ಹಿಡದು ಆರಿಸಿದ್ಳು.
ಹುಳಾ ಕೊರದ ತೂತಿನ ಎಲಿ ಸಿಕ್ಕಿತು, ಒಗದೆ.
ಅದನ್ನ ಹೆಕ್ಕಿಕೊಂಡು ಎದಿಗೆ ಅವಚಿದ್ಳು,
"ಇದರಾಗ ಚಿಕ್ಕಿ ಕಾಣತಾವ."
ಆಮ್ಯಾಲ ಕೇಳಿದ್ಳು:
"ಈ ಗಿಡ ಎಷ್ಟ ಎತ್ತರ ಇರ್ತದವ್ವಾ?
ಹೂ ಯಾವ ಬಣ್ಣದ್ದು?"

ಮುನ್ಶಿಯವರ, ಇಪ್ಪತ್ತಾರು ವರ್ಷದಾಗ
ಎಷ್ಟ ಚೀಲದ ಎಲಿ ನನ್ನ ಉಗುರ ಕೆಳಗ ಹೋಗ್ಯಾವ
ನಿಮ್ಮ ವಹಿಯೊಳಗ ಇರಬೇಕು.
ಗಿಡ ನಾ ನೋಡಿಲ್ಲ.
ಚಾಂದಾ ಕಡೆ ಅಡವಿ ಅಂತ ಚೀಲದ ಮ್ಯಾಲ ಠಸ್ಸೆ ಇರ್ತದ,
ಅಷ್ಟ ಗೊತ್ತು. ನಿಮಗ ಗೊತ್ತೇನ್ರಿ?
ನರ್ಸಮ್ಮಗ ಕೇಳಿದೆ, ಅಕಿ ತೆಲುಗಿನ್ಯಾಗ ನಕ್ಕಳು.
ಹುಡುಗಿಗೆ ಸುಳ್ಳ ಹೇಳಿದೆ:
ನಮ್ಮ ಮಾಳಿಗಿಗಿಂತ ಎತ್ತರ, ಹೂ ಬೆಳ್ಳಗ.

ಅಂಟ ಹಚ್ಚಲಿಲ್ಲ ಈ ಸಲ.
ಕೆಂಪ ದಾರದಿಂದ ತೊಟ್ಟಿಗೆ ಗಂಟ ಹಾಕಿದೆ,
ಬೀಡಿಗೆ ಹಾಕೂ ಗಂಟ, ಬೇರೆ ನನಗ ಬರೂದಿಲ್ಲ.
ಪಂಖಾ ಹಚ್ಚಿದ್ರ ಕ್ಯಾಲೆಂಡರಿನ ಮ್ಯಾಲ
ಅಡವಿ ಅಲುಗಾಡತದ್ರಿ, ಚರ ಚರ ಅಂತದ.
ಸಾಲಿಯಾಗ ಬಾಯಾರು ಮೂರ ಸರತಿ ಸೀನಿದ್ರಂತ,
ಗ್ವಾಡಿಗೆ ಹಾಕಿದ್ದು ಕಿಟಕಿ ಬಾಜೂಕ.

ಎಲಿಗೆ ಎರಡು ಬೀಡಿ. ಹನ್ನೊಂದು ಎಲಿ.
ಇಪ್ಪತ್ತೆರಡು ಬರಾಬರಿ ಆತಲ್ರಿ.
ಮುರಕೋರಿ ಪಗಾರದಾಗ, ನಾ ಬ್ಯಾಡ ಅನ್ನೂದಿಲ್ಲ.

ಒಂದ ಮಾತು, ಹೆಂಗೂ ಹೇಳಾಕ ಹತ್ತೀನಿ,
ಆ ಗಿಡಕ್ಕ ಹತ್ತ ಎಲಿ ಸಾಕಾಗಿದ್ದವು.
ಹನ್ನೊಂದನೇದಕ್ಕ ಅಚ್ಚ ಇಡಾಕ ಹೋದೆ,
ಕತ್ತರಿ ಬಾಯಿ ತಗದ ಹಂಗ ಕುಂತಿತು.
ಕನ್ನಡಿ ಹಿಂದ ಸಿಗಿಸೀನಿ. ಇನ್ನೂ ಅಲ್ಲೇ ಐತಿ.

ಸರೀತೀನಿ ತಡೀರಿ,
ನನ್ನ ಹಿಂದ ನರ್ಸಮ್ಮ ಬುಟ್ಟಿ ಹೊತ್ತ ನಿಂತಾಳ.