ಅರವತ್ತೊಂದು ಸಾವಿರದ ನಾನೂರೆಂಟು

ಕಾರಿನ ಜೊತೆ ಬಂದದ್ದು ಒಂದೇ ಬೀಗದ ಕೈ,
ಮೇಲಿನ ಬಟ್ಟೆ ಹರಿದರೆ ಹೊಲಿಯಲು ದಪ್ಪ ಸೂಜಿ,
ಮತ್ತೆ ಎಣ್ಣೆಗೈ ಹತ್ತಿದ ಒಂದು ನೋಟ್‌ಬುಕ್ಕು.
ಬರೆದವನು ಲಿವಿಯೊ ಸ್ಗುಬಿನ್,
ತ್ರಿಯೆಸ್ತೆಯ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು.
ಎರಡೇ ಸೀಟು. ಕೆಂಪು.
ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡದು.

ಮೊದಲ ಚಳಿಗಾಲದಲ್ಲೇ ಸೀಟಿನಡಿ ಕೆರೆ.
ಬೋರಾ ಗಾಳಿ ಗುಡ್ಡದಿಂದ ಉರುಳಿ ಬಂದ ರಾತ್ರಿ
ಬಟ್ಟೆಯ ಮಾಡು ಉಬ್ಬಸದವರ ಎದೆಯ ಹಾಗೆ
ಉಬ್ಬುವುದು ತಗ್ಗುವುದು, ಮೇಲಿನ ಕಿಟಕಿಯಿಂದ ನೋಡಿದೆ.
ಬೆಳಿಗ್ಗೆ ಹೆಣಿಗೆಯ ಕಡ್ಡಿ ತಗೊಂಡು
ನೀರು ಇಳಿಯುವ ತೂತಿನಿಂದ ಹೊರಗೆಳೆದೆ:
ಪೈನ್ ಮರದ ಎಲೆ, ಇನ್ನೂ ಎಲೆ,
ಯಾವುದೋ ಕಾಲದ ಸಿನಿಮಾ ಟಿಕೆಟ್ಟಿನ ಮುದ್ದೆ.
ಆಮೇಲೆ ಕ್ಲಚ್ಚಿನ ಸಿಲಿಂಡರು. ಆಮೇಲೆ ರೇಡಿಯೇಟರಿನ ಪೈಪು.
ಬಿಲ್ಲು ನೋಡಿದ ಅಕ್ಕ ಒಂದೀನಾ
ಮೂಗಿಗಿಂತ ಮೂಗುತಿ ಭಾರ ಅಂತ ನಕ್ಕಳು.
ಅವಳನ್ನು ಗುಡ್ಡದ ಮೇಲಿನ ರಸ್ತೆಗೆ ಕರೆದೊಯ್ದು
ಮೂರನೇ ಗೇರಿನಲ್ಲಿ ಒಂದು ತಿರುವು ತೋರಿಸಿದೆ.
ಮತ್ತೆ ಬಿಲ್ಲಿನ ಮಾತೆತ್ತಲಿಲ್ಲ.
ವಾಂತಿಯ ಮಾತೆತ್ತಿದಳು.

ಊರವರ ಬಾಯಿಗೆ ಹಲ್ಲು ಕಟ್ಟುವುದು ನನ್ನ ಕಸುಬು.
ಕೂದಲೆಳೆಯಷ್ಟು ಎತ್ತರವಾದರೂ
ಮನುಷ್ಯ ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ, ಬಲ್ಲೆ.
ಆದ್ದರಿಂದ ವಾಲ್ವಿನ ಸಂದು ಅಳೆಯುವುದನ್ನು
ಮೆಕ್ಯಾನಿಕ್ ಸ್ತಾನ್ಕೊ ನನಗೇ ಬಿಟ್ಟ.
ತೆಳ್ಳನೆ ತಗಡು ತೂರಿಸಿ ಹೇಳಿದ:
ಜಾರಿ ಬಂದರೆ ಸಡಿಲ, ಕಚ್ಚಿಕೊಂಡರೆ ಬಿಗಿ,
ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬರಬೇಕು.
ಎಂಟರಲ್ಲಿ ಆರು ಸರಿ ಬಂದವು.
ಉಳಿದೆರಡಕ್ಕೆ ಒಂದು ಭಾನುವಾರ ಪೂರ್ತಿ.

ಹಾಗೆ ಕೂತಾಗ ನೋಟ್‌ಬುಕ್ಕನ್ನು ಮೊದಲ ಸಲ ಕೊನೆತನಕ ಓದಿದೆ.
೬೧,೪೦೮. ಅಕ್ಟೋಬರ್. ಎಣ್ಣೆ, ಫಿಲ್ಟರು, ವಾಷರು.
ಮುಂದಿನ ಅಕ್ಟೋಬರ್: ೬೧,೪೦೮. ಎಣ್ಣೆ, ಫಿಲ್ಟರು, ವಾಷರು.
ಮುಂದಿನದೂ ಅದೇ. ಆರು ಅಕ್ಟೋಬರಿಗೆ ಒಂದೇ ಅಂಕಿ.
ನಾನು ಕೊಂಡ ದಿನವೂ ಮೀಟರಿನಲ್ಲಿ ಇದ್ದದ್ದು ಅದೇ!
ತಂತಿ ಬಿಚ್ಚಿಟ್ಟು ಊರೆಲ್ಲ ಸುತ್ತಿ
ಮುದುಕ ನನಗೆ ಟೋಪಿ ಹಾಕಿದ,
ಅದೂ ಸೋರುವ ಟೋಪಿ.

ಸೆರ್ವೊಲಾದ ಅವನ ಮನೆಗೆ ನಾಲ್ಕು ಮಹಡಿ ಹತ್ತಿದೆ,
ಬೈಗುಳ ಜೋಡಿಸಿಕೊಳ್ಳುತ್ತ.
ಬಾಗಿಲು ತೆಗೆದವನು
ನನ್ನನ್ನಲ್ಲ, ನನ್ನ ಹೆಗಲಿನ ಪಕ್ಕವನ್ನು ನೋಡಿದ.
‘ಎದುರಿಗಿರೋದು ಕಾಣಲ್ಲಮ್ಮ, ಅಂಚು ಮಾತ್ರ.
ರಸ್ತೆ ಹೋಯಿತು, ಚರಂಡಿ ಉಳೀತು.’
ಆಗ ನೆನಪಾಯಿತು, ಆ ಆರು ಸಾಲಿನ ಅಕ್ಷರ
ವರ್ಷ ವರ್ಷ ದಪ್ಪಗಾಗುತ್ತ ಬಂದದ್ದು,
ಕೊನೆಯದು ಹಿಂದಿನ ಸಾಲಿನ ಮೇಲೇ ಹತ್ತಿ ಕೂತದ್ದು.

ಓಡದ ಕಾರಿಗೆ ಆರು ಸಲ ಎಣ್ಣೆಯೆ?
ಕೇಳಿಯೇಬಿಟ್ಟೆ.
‘ನಿಂತರೂ ಎಣ್ಣೆಗೆ ವಯಸ್ಸಾಗುತ್ತಲ್ಲ’ ಎಂದ,
ಇಷ್ಟೂ ತಿಳಿಯದವಳಿಗೆ ಮಾರಿದೆನೇ ಎಂಬ ದನಿಯಲ್ಲಿ.
ಕಾಫಿ ಕೊಟ್ಟ, ಸಕ್ಕರೆ ಕೇಳದೆಯೇ ಹಾಕಿ.
ನನ್ನ ಕೈ ತೆಗೆದುಕೊಂಡು ಹೆಬ್ಬೆರಳು ಮೂಸಿದ.
‘ಮೊನ್ನೆ ಬದಲಿಸಿದ್ದೀಯ. ತಾಮ್ರದ ವಾಷರು ಹೊಸದು ತಾನೆ?’
ಹೂಂ ಅಂದೆ.

ಮನೆಗೆ ಬಂದಾಗ ಕಾರಿನಡಿ ಹಾಸಿದ ಪೇಪರಿನಲ್ಲಿ
ಮೀನುಪೇಟೆಯ ದರದ ಮೇಲೆ
ಎರಡು ಕಪ್ಪು ತೊಟ್ಟು. ಕೂತು ನೋಡಿದೆ.
ಬಹಳ ಹೊತ್ತಿಗೆ ಮೂರನೆಯದು.
ಆ ಶನಿವಾರ ಎಲ್ಲ ಬಸಿದು, ಬಟಾಣಿ ಬೆಲೆಯ ಬಳೆಯೊಂದನ್ನು
ಬೋಲ್ಟಿಗೆ ತೊಡಿಸಿ ಬಿಗಿದು,
ಅವನ ದಪ್ಪ ಅಕ್ಷರದ ಕೆಳಗೆ, ಸ್ವಲ್ಪ ಜಾಗ ಬಿಟ್ಟು ಬರೆದೆ:
೬೪,೯೭೨. ಎಣ್ಣೆ.
ವಾಷರು (ಹೊಸದು. ಈ ಸಲ ನಿಜ).