ಸಾಂಬ, ಸದಾಶಿವ ಪೇಟೆ

ಕೆಳಗೆ, ಪ್ಲೇಟು ಹೊಡೆಯುವ ಕೋಣೆಯಲ್ಲಿ, ಖರೆ ಕಾಕಾರ ಹಳೇ ವಿಂಡೋಸು.
ಹೊಸದು ಹಾಕಿದರೆ ಪ್ಲೇಟಿನ ಯಂತ್ರ ಮಾತು ಬಿಡುತ್ತದೆ.
ಹದಿನೇಳು ಮೆಟ್ಟಿಲ ಮೇಲೆ ನಾನು, ಎರಡು ಭಾಷೆಯ ಕರಡು ತಿದ್ದುವವಳು,
ಸೌಮಿತ್ರ ಗುಜರಿಯಿಂದ ತಂದು ಜೀವ ತುಂಬಿದ ಲಿನಕ್ಸ್ ಪೆಟ್ಟಿಗೆಯ ಮುಂದೆ.
ಮತ್ತೊಂಬತ್ತು ಹತ್ತಿದರೆ ಫಿರ್ದೌಸಳ ಮ್ಯಾಕು,
ಲಗ್ನಪತ್ರಿಕೆಯ ಗಣಪತಿಗೆ ಬಂಗಾರ ಬಳಿಯುತ್ತ.

ಮೂರಕ್ಕೂ ಕೊಂಡಿ ಒಂದೇ ಪೆನ್‌ಡ್ರೈವು,
ನನ್ನ ಕೊರಳಲ್ಲಿ, ಕರಿಮಣಿಯ ಪಕ್ಕ, ನೀಲಿ ದಾರದಲ್ಲಿ.
ಹತ್ತಿದೆ, ಇಳಿದೆ.
ನಾನು ಎಣಿಸಲಿಲ್ಲ. ಮಂಡಿ ಎಣಿಸುತ್ತಿತ್ತು.

ಒಂದು ಮಧ್ಯಾಹ್ನ ಅದು ಕಳೆಯಿತು,
ಒಂದು ಮುಂಜಿ, ಒಂದು ಚುನಾವಣೆ,
ಮೂರು ಶ್ರದ್ಧಾಂಜಲಿಗಳ ಸಮೇತ.

"ಸಾಂಬಾ ಹಾಕೋಣ, ಮಾವಶಿ," ಅಂದ ಸೌಮಿತ್ರ.
ನಗು ಬಂತು. ಸದಾಶಿವ ಪೇಟೆಗೆ ಸಾಂಬನನ್ನು ಹೊಸದಾಗಿ ತರಬೇಕೆ?
ಇಂಡಿಯಲ್ಲಿ ನಮ್ಮವ್ವ ಕಸಬರಿಗೆ ಹಿಡಿಯುವ ಮುಂಚೆ ಕರೆಯುತ್ತಿದ್ದ ಹೆಸರು.
"ಆ ಸಾಂಬ ಅಲ್ಲ. ಇದು ಬೇರೆ ಬೇರೆ ಯಂತ್ರಗಳನ್ನ ಮಾತಾಡಿಸೋದು."
ಅವನೂ ಅದೇ ಮಾಡುತ್ತಿದ್ದ ಅಂದುಕೊಂಡಿದ್ದೆ ನಾನು.

ಮೂರು ಸಂಜೆ ಕಲಿತೆ.
ಪ್ರತಿ ಯಂತ್ರಕ್ಕೂ ಒಂದು ವಿಳಾಸ, ನಾಲ್ಕು ಅಂಕಿ, ನಡುವೆ ಮೂರು ಚುಕ್ಕಿ.
ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ;
ವಿಂಡೋಸಿಗೆ ಎರಡೂ ಒಂದೇ ಪಂಕ್ತಿ.
ಮ್ಯಾಕು ಬಂದುಹೋದ ಕಡೆಯೆಲ್ಲ
ಚುಕ್ಕಿಯಿಂದ ಶುರುವಾಗುವ ಪುಟ್ಟ ಫೈಲು ಉದುರಿಸುತ್ತದೆ,
ಶೇಂಗಾ ತಿಂದು ಸಿಪ್ಪೆ ಬಿಟ್ಟವರ ಹಾಗೆ.
ಕೆಳಗಿನ ಮುದುಕನಿಗೆ ಹಳೇ ಮಾತು ಬಿಟ್ಟು ಬೇರೆ ಬಾರದು.
ಅದಕ್ಕಾಗಿ ಸಾಂಬನ ಕಿವಿಯಲ್ಲಿ ಒಂದು ಸಾಲು ಬರೆದೆವು:
ಇಷ್ಟು ಹಳೆಯದಾದರೂ ಒಪ್ಪಿಕೋ.
"ಸುರಕ್ಷಿತ ಅಲ್ಲ, ಮಾವಶಿ."
"ಮುದುಕರಲ್ಲಿ ಯಾರು ಸುರಕ್ಷಿತ ಇದ್ದಾರಪ್ಪ?"

ಹೆಸರು ಸರಿ. ಪಾಸ್‌ವರ್ಡ್ ಸರಿ.
ಅನುಮತಿ ಇಲ್ಲ.
ಮತ್ತೆ ಒತ್ತಿದೆ. ಅನುಮತಿ ಇಲ್ಲ.
ಮನೆಯಲ್ಲಿ ಅನ್ನಕ್ಕಿಟ್ಟು ಇದನ್ನೇ ಯೋಚಿಸಿದೆ, ತಳ ಹತ್ತಿತು.
ಸದಾಶಿವನಿಗೆ ಅದೇ ಧ್ಯಾನ.

ಮೂರನೇ ಸಂಜೆ, ಪೆರುಗೇಟಿನ ಕಡೆ ಬಸ್ಸು ಒರಲುವಾಗ,
ಕೆಳಗಿನ ಯಂತ್ರದ ಹೊಟ್ಟೆ ನನ್ನ ಪರದೆಯ ಮೇಲೆ ತೆರೆಯಿತು.

ಪೂರ್ತಿ ತೆರೆಯಿತು.
ಅವಸರದಲ್ಲಿ ಸೌಮಿತ್ರ ಕೆಲಸದ ಫೋಲ್ಡರಿನ ಬದಲು
ಇಡೀ ಡಿಸ್ಕನ್ನೇ ಹಂಚಿ ಕ್ಲಾಸಿಗೆ ಓಡಿದ್ದ.
ಕರೆಂಟು ಬಿಲ್ಲು. ಕಾಕೂನ ಕಣ್ಣಿನ ರಿಪೋರ್ಟು.
ಒಂದೇ ಹೆಸರಿನ ಏಳು ಫೈಲು, ಬಾಲಕ್ಕೆ ಒಂದರಿಂದ ಏಳು.
ಮೊದಲನೆಯದು ಎರಡು ವರ್ಷ ಹಿಂದಿನದು.
ಏಳನೆಯದನ್ನು ತೆರೆದೆ. ತೆರೆಯಬಾರದಿತ್ತು.

ಮುದ್ರಣಾಲಯ ಮಾರುವುದಿದೆ.
ಯಂತ್ರಗಳು ಸೂಸ್ಥಿತಿಯಲ್ಲಿವೆ.
ನೌಕರರು ನಂಬಿಗಸ್ತರು,

ಅಲ್ಲಿಗೆ ನಿಂತಿತ್ತು, ಅಲ್ಪವಿರಾಮಕ್ಕೆ.

ಸು ಹ್ರಸ್ವ. ಅವರು ದೀರ್ಘ ಹಾಕಿದ್ದರು.
ಮೂವತ್ತೊಂದು ವರ್ಷದ ಕೈ ಇದು, ನನ್ನನ್ನು ಕೇಳಿ ಹೋಗುವುದಿಲ್ಲ.
ತಿದ್ದಿತು. ಉಳಿಸಿತು.
ಓದುವ ಅನುಮತಿಯ ಜೊತೆ ಬರೆಯುವುದೂ ಇತ್ತು ಅಂತ
ಗೊತ್ತಾದದ್ದು ಆಮೇಲೆ.

ಬೆಳಗ್ಗೆ ಬೇಗ ಬಂದು ಡಿಸ್ಕು ಮುಚ್ಚಿಸಿದೆ,
ಕೆಲಸದ ಫೋಲ್ಡರೊಂದೇ ತೆರೆದಿಟ್ಟೆ.
ಫೈಲಿನ ಮೇಲೆ ಬಿದ್ದ ನಿನ್ನೆಯ ತಾರೀಖನ್ನು
ಏನು ಮಾಡಬೇಕು, ಸೌಮಿತ್ರ ಕಲಿಸಿರಲಿಲ್ಲ.

ಹನ್ನೊಂದಕ್ಕೆ ಖರೆ ಕಾಕಾ ಮೇಲೆ ಬಂದರು,
ತಾವೇ, ಎರಡು ಗ್ಲಾಸು ಚಹಾ ಹಿಡಿದು,
ಈಗ ಯಾರೂ ಹತ್ತಬೇಕಿಲ್ಲದ ಮೆಟ್ಟಿಲು ಹತ್ತಿ.
ನನ್ನ ಪರದೆ ನೋಡಲಿಲ್ಲ. ಕಿಟಕಿ ನೋಡಿದರು.
"ಸು, ಹ್ರಸ್ವವೇ?"
"ಹೌದು."
"ಖರೆ," ಅಂದರು.
ನನ್ನ ಮಾತಿನಲ್ಲಿ ಅಂದರೋ, ಅವರದರಲ್ಲೋ.

ಚಹಾ ಆರುವವರೆಗೆ ನಿಂತಿದ್ದು ಇಳಿದುಹೋದರು,
ಗೋಡೆ ಹಿಡಿದು, ನಿಧಾನ.
ನನ್ನ ಮಂಡಿ ಕೂತಲ್ಲೇ ಎಣಿಸಿತು, ಹದಿನೇಳೂ.